ಹುಳದ ಬಾಲಕ್ಕೆ ನೋವು ಬಂದ ಕಥೆ

ಭೂಮಿಯ ಮೇಲೆ ಮೊದಲ ಮಳೆ ಬಿದ್ದು ಇನ್ನೂ ಆರಿರಲಿಲ್ಲ, ಅಷ್ಟು ಹೊಸ ಕಾಲ. ಹಲಸಿನ ಮರಕ್ಕೂ ಅದು ಮೊದಲ ಫಸಲೇ. ಉದುರಿ ಕೊಳೆತ ಒಂದು ಹಣ್ಣಿನಲ್ಲಿ ದುಂಡುಹುಳವೊಂದು ವಾಸವಾಗಿತ್ತು. ಎಷ್ಟು ಸಣ್ಣದು ಅಂತೀಯ ಕೂಸೇ? ನಿನ್ನ ಉಗುರಿನ ಮೇಲೆ ಮಲಗಿದರೆ ಹೊರಳಾಡುವುದಕ್ಕೂ ಜಾಗ ಉಳಿಯುತ್ತಿತ್ತು.

ಆ ಹುಳದ ಮೈಯ ನಡುವೆ ನರಮ್ಮನ ಮನೆ. ಮನೆಯಿಂದ ತಲೆಯ ಕಡೆಗೂ ಬಾಲದ ಕಡೆಗೂ ಅವಳು ಒಂದೊಂದು ದಾರ ಎಳೆದಿದ್ದಳು. ಅವಳ ಮೇಲೆ ಹೊದಿಕೆಯಂತೆ ತೊಗಲಜ್ಜಿ. ಹೊರಗೆ ಏನು ತಗುಲಿದರೂ ಮೊದಲು ತಗುಲುವುದು ಅಜ್ಜಿಗೆ. ಆದರೆ ಅದನ್ನು ಹುಳಕ್ಕೆ ತಿಳಿಸಬೇಕಾದವಳು ನರಮ್ಮ. ಅದಕ್ಕೆಂದೇ ಅಜ್ಜಿ ಮೈಯುದ್ದಕ್ಕೂ ಪುಟ್ಟ ಕೈಗಳನ್ನು ಚಾಚಿ ಕಾಯುತ್ತಿದ್ದಳು. ನರಮ್ಮನೂ ಮನೆಯಲ್ಲಿ ಕೂತು ಅಂಥದ್ದೇ ಪುಟ್ಟ ಕೈಗಳನ್ನು ಮಾಡುತ್ತಿದ್ದಳು. ಕೈಗೆ ಕೈ ಸಿಕ್ಕಲ್ಲಿ ದಾರದಿಂದ ಒಂದು ಕೊಂಬೆ ಏಳುತ್ತಿತ್ತು. ಕೊಂಬೆ ಎದ್ದಲ್ಲಿ ಹುಳಕ್ಕೆ ಅರಿವು.

ಕೈ ಮಾಡಿಟ್ಟರೆ ಸಾಲದಲ್ಲ, ಜಾಗಕ್ಕೆ ಮುಟ್ಟಿಸಬೇಕು. ಮುಟ್ಟಿಸುವವನು ಹೊರೆಯಣ್ಣ, ಬುಟ್ಟಿ ಹೊತ್ತು ದಾರದ ಮೇಲೆ ನಡೆಯುವವನು. ಬಲು ಒಳ್ಳೆಯವನು, ಒಳ್ಳೆಯತನದ್ದೇ ತೊಂದರೆ. ಮದುವೆ ಊಟದಲ್ಲಿ ನೋಡಿದ್ದೀಯಲ್ಲ, ಪಾಯಸ ಬಡಿಸುವವರು ಪಂಕ್ತಿಯ ಮೊದಲಿಗೇ ಎರಡೆರಡು ಸೌಟು ಸುರಿದು ಕೊನೆಗೆ ಬರುವಾಗ ಪಾತ್ರೆ ಕೆರೆಯುತ್ತಾರೆ. ನನಗಂತೂ ಯಾವಾಗಲೂ ಕೊನೆಯ ಎಲೆಯೇ, ಅದಿರಲಿ. ಹೊರೆಯಣ್ಣನೂ ಹಾಗೇ. ನರಮ್ಮನ ಬಾಗಿಲ ಬಳಿ ಅಜ್ಜಿಯ ಕೈ ಚಾಚಿದ್ದು ಕಂಡರೆ ಇಲ್ಲ ಎನ್ನಲಾರ. ಬುಟ್ಟಿ ಅಲ್ಲೇ ಬರಿದು. ನಡುವಿನಲ್ಲಿ ಪೊರಕೆಯಂತೆ ಕೊಂಬೆಗಳು ಗಿಜಿಗಿಜಿ, ಬಾಲದಲ್ಲಿ ಒಂದೂ ಇಲ್ಲ.

ಒಂದು ದಿನ ನುಸಿಯೊಂದು ಬಂದು ಬಾಲಕ್ಕೆ ಬಾಯಿ ಹಾಕಿತು. ಎಲೆಯ ಮೇಲಿದ್ದ ನೀರಹನಿ ಅದನ್ನು ಕಂಡು ಹುಳಕ್ಕೆ ಹೇಳಿತು: "ಲೋ ತಮ್ಮಾ, ನುಸಿ ನಿನ್ನ ಬಾಲ ತಿಂತಾ ಇದೆ."

"ಬಾಲವಾ? ನನಗೆ ಬಾಲ ಇದೆಯಾ?" ಅಂದಿತು ಹುಳ, ಹಲಸಿನ ರಸ ಹೀರುತ್ತಾ.

ಆ ಮಾತು ನರಮ್ಮನಿಗೆ ಕೇಳಿಸಿತು. ಇನ್ನು ಸ್ವಲ್ಪ ಹೊತ್ತಾದರೆ ಹುಳವೇ ಉಳಿಯುವುದಿಲ್ಲ. ಆದರೂ ಅವಳು ಬೈಯಲಿಲ್ಲ. ಬುಟ್ಟಿ ತುಂಬಿ, "ಅಣ್ಣಾ, ಇವತ್ತು ತುದಿಯಿಂದ ಬಡಿಸಿಕೊಂಡು ಬಾ," ಅಂದಳು.

"ದಾರಿಯಲ್ಲಿರೋ ಕೈಗಳು ಕೇಳಿದರೆ?"

"ಕೊನೆಯ ಕೈಗಳೂ ಕೇಳ್ತಾನೇ ಇವೆ ಅಣ್ಣಾ. ನಿನಗೆ ಕಾಣಿಸಲ್ಲ, ಅಷ್ಟೇ."

ಹೊರೆಯಣ್ಣ ತಲೆ ತಗ್ಗಿಸಿ ಓಡಿದ. ಬಾಗಿಲ ಬಳಿಯ ಕೈಗಳು ಅಂಗಿ ಜಗ್ಗಿದವು, ಅವನು ನಿಲ್ಲಲಿಲ್ಲ. ತುದಿ ಮುಟ್ಟುವಷ್ಟರಲ್ಲಿ ಬಾಲ ಸುತ್ತಲೂ ಸವೆದು ತೆಳ್ಳಗಾಗಿತ್ತು. ತುತ್ತತುದಿಯಲ್ಲಿ ಬುಟ್ಟಿ ಇಳಿಸಿ ಒಂದು ಪುಟ್ಟ ಕೈ ಎತ್ತಿ ಹಿಡಿದ. ಅಜ್ಜಿಯ ಕೈ, ಅದೆಷ್ಟು ಕಾಲದಿಂದ ಚಾಚಿಕೊಂಡಿತ್ತೋ, ಅದನ್ನು ಹಿಡಿದುಕೊಂಡಿತು. ಕೊಂಬೆ ಎದ್ದಿತು.

"ಅಯ್ಯೋ, ನೋಯ್ತಿದೆ," ಅಂದಿತು ಹುಳ. ಸರಕ್ಕನೆ ಮುಂದಕ್ಕೆ ಜಾರಿತು. ನುಸಿಯ ಬಾಯಲ್ಲಿ ಉಳಿದದ್ದು ಬರೀ ಹಲಸಿನ ನಾರು.

ಮಗು ನೋಯ್ತಿದೆ ಅಂದಾಗ ಯಾವ ಅಜ್ಜಿಯಾದರೂ ನಕ್ಕಿದ್ದುಂಟೇ? ತೊಗಲಜ್ಜಿ ಅವತ್ತು ನಕ್ಕಳು, ಅಳುತ್ತಲೇ ನಕ್ಕಳು. "ಸದ್ಯ ಕಂದಾ," ಅಂದಳು, "ನೋಯ್ತಲ್ಲ."

ಹೊರೆಯಣ್ಣ ಅಲ್ಲಿಂದ ಒಂದೊಂದೇ ಕೈಗೆ ಬಡಿಸುತ್ತಾ ಮನೆಗೆ ಬಂದ. ಅಂದಿನಿಂದ ಅವನ ಪಂಕ್ತಿ ಶುರುವಾಗುವುದೇ ಕೊನೆಯಿಂದ.

ಅದಕ್ಕೇ ಮೇದಿನಿ, ನಿನ್ನಮ್ಮನ ಸೂಕ್ಷ್ಮದರ್ಶಕದಲ್ಲಿ ಇಣುಕಿದರೆ ಆ ಚೂಪು ಬಾಲದ ಹುಳದೊಳಗೆ ಇವತ್ತಿಗೂ ನರಮ್ಮನ ದಾರ ಮರದಂತೆ ತಲೆಯಿಂದ ತುದಿಯವರೆಗೆ ಕವಲೊಡೆದು ಕಾಣುತ್ತದೆ. ಅಮ್ಮ ತಂತಿಯ ಮೊನೆಯಿಂದ ಬಾಲ ಮುಟ್ಟಿದಳೋ, ಹುಳ ಸರಕ್ಕನೆ ಮುಂದಕ್ಕೆ ಓಡುತ್ತದೆ.