ಮರಿಸಿದ್ದನ ಸಿಂಹಾವಲೋಕನ

ನಂಬಲ್ಲ ಅನ್ನೋರು ಈಗಲೇ ಎದ್ದು ಹೋಗಿ, ನನಗೇನೂ ನಷ್ಟವಿಲ್ಲ. ಸುತ್ತ ಏಳೂರಲ್ಲಿ ಇಂಥ ಕತೆ ಹೇಳೋ ಗಂಡು ಇನ್ನೊಬ್ಬನಿದ್ದರೆ ಕರೆತನ್ನಿ, ಮೀಸೆ ಬೋಳಿಸಿಕೊಳ್ಳುತ್ತೇನೆ!

ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು ಚಿಕ್ಕಮಾದಮ್ಮ. ಅವಳಿಗೆ ಒಬ್ಬನೇ ಮಗ, ಮರಿಸಿದ್ದ. ಆಳು ಆರಡಿ, ಬುದ್ಧಿ ಅರೆಪಾವು. ಒಂದನೇ ಕ್ಲಾಸಿನ ಬೆಂಚಿನ ಮೇಲೆ ನಾಲ್ಕು ವರ್ಷ ಕೂತು ಎದ್ದವನು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವನ ರೋಗ. "ಇವನನ್ನ ಕಟ್ಕೊಂಡು ಹೆಂಗೆ ಬಾಳ್ಲಪ್ಪ ದೇವ್ರೇ!" ಅಂತ ಅವಳು ಹಣೆ ಚಚ್ಚಿಕೊಳ್ಳುತ್ತಿದ್ದಳು.

ಶಾಲೆಯಲ್ಲಿ ಉಳಿದಿದ್ದು ಹದಿನಾಲ್ಕು ಮಕ್ಕಳು. ಮಾರ್ಚ್ ಕೊನೆಗೆ ಶಿಕ್ಷಣ ಇಲಾಖೆ ಸಾಹೇಬರು ಬಂದು ಖಡಾಖಂಡಿತ ಹೇಳಿಬಿಟ್ಟರು: "ಈ ವರ್ಷ ಏನು ಕೆಟ್ಟಿತು, ಮುಂದಿನ ವರ್ಷ ಏನು ಮಾಡ್ತೀರಿ, ಊರವರೆಲ್ಲ ಕೂತು ತೀರ್ಮಾನಿಸಿ. ಹತ್ತು ದಿನ ಬಿಟ್ಟು ಬರ್ತೀನಿ. ಏನೂ ಆಗಿರದಿದ್ದರೆ ಬೀಗ!"

ಬೀಗ ಬಿದ್ದರೆ ಮಕ್ಕಳು ಹೆದ್ದಾರಿ ದಾಟಿ ಮೂರು ಮೈಲಿ ನಡೆಯಬೇಕು. ಊರವರನ್ನ ಕೂರಿಸೋಕೆ ಮುಂದಾಳು ಯಾರು? ಗೌಡರು ಕೆಮ್ಮಿದರು. ಮೆಂಬರು ಹೊಲದ ಕಡೆ ನೋಡಿದರು. "ಬೇಡ" ಅನ್ನೋಕೆ ಬರದವನು ಮರಿಸಿದ್ದ ಒಬ್ಬನೇ. ಅವನೇ ಮುಂದಾಳು!

ಹೆಡ್ ಮೇಡಂ ಅಂದರು: "ಮರಿಸಿದ್ದಣ್ಣ, ಮೊದಲು ಸಿಂಹಾವಲೋಕನ ಆಗಬೇಕು. ಸಿಂಹ ನಾಲ್ಕು ಹೆಜ್ಜೆ ಇಟ್ಟು ಹಿಂದಕ್ಕೆ ತಿರುಗಿ ನೋಡುತ್ತಲ್ಲ, ಹಾಗೆ. ಹೋಗಿ, ಜನರನ್ನ ಸಭೆಗೆ ಕರೀರಿ."

ಹೊರಟ. ನಾಲ್ಕು ಹೆಜ್ಜೆ, ತಿರುಗಿ ನೋಡಿದ. ನಾಲ್ಕು ಹೆಜ್ಜೆ, ತಿರುಗಿ ನೋಡಿದ. ಸಂಜೆ ಹೊತ್ತಿಗೆ ಮೂರೇ ಮನೆ ಮುಟ್ಟಿದ್ದ. ಅವರೂ "ಇವನ ಹಿಂದೆ ಹುಚ್ಚುನಾಯಿ ಬರ್ತಾ ಇದೆ!" ಅಂತ ಬಾಗಿಲು ಹಾಕಿಕೊಂಡರು. ಸಭೆಗೆ ಒಂದು ನರಪಿಳ್ಳೆಯೂ ಬರಲಿಲ್ಲ.

"ಅಯ್ಯೋ ಪೆದ್ದ! ಕತ್ತು ತಿರುಗಿಸೋದಲ್ಲ ಕಣ್ಲಾ. ಶಾಲೇಲಿ ಏನೇನು ಕೆಟ್ಟೈತೋ ಅದನ್ನ ಬೆಳಕಿಗೆ ತರಬೇಕು!" ಅಂದಳು ಚಿಕ್ಕಮಾದಮ್ಮ.

"ಸರಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೇ ದಿನ ಮಧ್ಯಾಹ್ನ, ಕಾಲು ಮುರಿದ ಬೆಂಚು ಬಿಸಿಲಿಗೆ ಬಂತು. ತೂತು ಬಿದ್ದ ಕರಿಹಲಗೆ ಬಂತು. ವಾರಸುದಾರರಿಲ್ಲದೆ ಗೂಟದಲ್ಲಿ ನೇತಾಡುತ್ತಿದ್ದ ಬ್ಯಾಗು ಬಂತು. ಕೊನೆಗೆ ಕುರ್ಚಿ ಸಮೇತ ಲೆಕ್ಕದ ಮೇಷ್ಟ್ರು ಕೆಂಚಪ್ಪನವರೂ ಬಂದರು, ಗೊರಕೆ ಹೊಡೆಯುತ್ತ! ಊರೆಲ್ಲ ನೋಡೋಕೆ ನೆರೆಯಿತು.

"ಇದೇನ್ರೀ ಇದು!" ಮೇಡಂ ತಲೆ ಮೇಲೆ ಕೈ ಇಟ್ಟರು. "ಸಾಮಾನು ಹೊರಗೆ ತಂದಿಡೋದಲ್ಲಪ್ಪ! ಹೇಗೂ ಜನ ಬಂದಿದಾರೆ. ನೀವು ಬಾಯಿ ಮುಚ್ಕೊಂಡು ಒಬ್ಬೊಬ್ಬರ ಮಾತಿಗೂ ಕಿವಿ ಕೊಡಿ."

"ಸರಿ ಕಣಮ್ಮ, ಹಂಗೇ ಮಾಡ್ತೀನಿ."

ಬಾಯಿಗೆ ಟವೆಲ್ ಬಿಗಿದ. ಒಬ್ಬೊಬ್ಬರ ಬಾಯಿಗೂ ತನ್ನ ಕಿವಿ ತಾಗಿಸಿದ! ಮೊದಲು ನಕ್ಕರು. ಆಮೇಲೆ, ಸಭೆಯಲ್ಲಿ ಎದ್ದು ನಿಂತು ಆಡಲಾರದ ಮಾತು ಆ ಕಿವಿಯೊಳಗೆ ಇಳಿಯತೊಡಗಿತು.

"ಆ ಬೆಂಚು ಮಾಡಿದೋನು ನಾನೇ ಕಣೋ, ಹಸಿ ಮರ ಹಾಕಿದ್ದೆ," ಅಂದ ಬಡಗಿ ಮೊಗಣ್ಣಾಚಾರಿ.

"ಹೂ ಕಟ್ಟೋಕೆ ಅಂತ ಮಗಳನ್ನ ಶಾಲೆ ಬಿಡಿಸ್ದೆ. ಅವಳ ಬ್ಯಾಗು ಇನ್ನೂ ಇಲ್ಲೇ ಐತೆ," ಅಂದಳು ದೇವೀರಮ್ಮ.

"ಆ ನಂಜುಂಡಿಗೆ ಮಗ್ಗಿ ಕಲಿಸೋಕೆ ನಂಗೆ ತಾಳ್ಮೆ ಬರಲಿಲ್ಲಯ್ಯ," ಅಂದರು ಕೆಂಚಪ್ಪ ಮೇಷ್ಟ್ರು, ಕಣ್ಣೊರೆಸಿಕೊಂಡು.

"ಏನಂದರು? ಹೇಳಿ!" ಮೇಡಂ ಕೇಳಿದರು. ಮರಿಸಿದ್ದ ಟವೆಲ್ ತೋರಿಸಿದ!

ಚಿಕ್ಕಮಾದಮ್ಮ ಸೌಟು ಹಿಡಿದೇ ಬಂದಳು. "ಹೊಟ್ಟೇಲಿಟ್ಕೊಂಡು ಏನ್ಲಾ ಮಾಡ್ತೀಯ? ಯಾರ್ಯಾರ ಹೊಣೆ ಯಾವ್ಯಾವುದೋ, ಅವರವರ ಹೆಗಲಿಗೆ ಹಾಕು!"

ಹಾಕಿದ! ಬೆಂಚು ಎತ್ತಿ ಆಚಾರಿಯ ಹೆಗಲಿಗೆ. ಬ್ಯಾಗು ದೇವೀರಮ್ಮನ ಹೆಗಲಿಗೆ. ಐದನೇ ಕ್ಲಾಸಿನ ನಂಜುಂಡಿ ಕೆಂಚಪ್ಪ ಮೇಷ್ಟ್ರ ಹೆಗಲಿಗೆ! ತೂತಿನ ಹಲಗೆ? ಅದು ಕೆಮ್ಮಿದ ಗೌಡರಿಗೆ! ಊರೆದುರು ಕೆಳಗಿಳಿಸೋದು ಹೇಗೆ? ಹೊತ್ತುಕೊಂಡೇ ಮನೆಗೆ ಹೋದರು.

ಹತ್ತನೇ ದಿನ ಸಾಹೇಬರು ಬಂದರು. ಬೆಂಚಿಗೆ ಒಣಗಿದ ತೇಗದ ಕಾಲು. ತೂತು ಮುಚ್ಚಿದ ಹಲಗೆಗೆ ಹೊಸ ಕಪ್ಪು ಬಣ್ಣ. ದೇವೀರಮ್ಮನ ಮಗಳು ಹದಿನೈದನೆಯವಳಾಗಿ ಮುಂದಿನ ಸಾಲಲ್ಲಿ. ನಂಜುಂಡಿ ಏಳರ ಮಗ್ಗಿ ಒಪ್ಪಿಸಿದ, ಎರಡು ಕಡೆ ತಪ್ಪಿದ, ಮೇಷ್ಟ್ರು ರೇಗಲಿಲ್ಲ.

"ಭಲೇ!" ಅಂದರು ಸಾಹೇಬರು. "ಈ ಶಾಲೆಯ ಬಾಗಿಲು ಇನ್ನು ಯಾವತ್ತೂ ಮುಚ್ಚಬಾರದು!"

"ಸರಿ ಕಣ್ ಸ್ವಾಮಿ, ಹಂಗೇ ಮಾಡ್ತೀನಿ," ಅಂದ ಮರಿಸಿದ್ದ.

ಬೆಳಗ್ಗೆ ನೋಡಿದರೆ ಕ್ಲಾಸಿನೊಳಗೆ ಒಂಬತ್ತು ಆಡು! ಬಾಗಿಲನ್ನೇ ಕಿತ್ತು ಬೆನ್ನ ಮೇಲೆ ಹೊತ್ತು ಮನೆಗೆ ತಂದಿದ್ದ ನಮ್ಮ ಮುಂದಾಳು. "ಅವ್ವಾ, ಇನ್ನು ಯಾವನೂ ಮುಚ್ಚೋಕಾಗಲ್ಲ!"

ಚಿಕ್ಕಮಾದಮ್ಮ ಸೌಟು ಎತ್ತಿದಳು. ಅವನ ಮುಖ ನೋಡಿದಳು. ಸೌಟು ಕೆಳಗಿಳಿಯಿತು.

ಆಚಾರಿ ಬಾಗಿಲು ಮತ್ತೆ ಕೂರಿಸುವವರೆಗೆ ಆಡು ಒಳಗೆ ನುಗ್ಗದ ಹಾಗೆ ಕಾಯೋಕೆ ಹೊಸ್ತಿಲಲ್ಲಿ ಒಬ್ಬರು ಬೇಕಲ್ಲ. ಅದಕ್ಕೇ ಕೊನೆಗೆ ಮರಿಸಿದ್ದನಿಗೆ ಕೊಟ್ಟಿದ್ದು, ಕೂರೋಕೆ ಒಂದು ಬೆಂಚು. ಅವನು ನಾಲ್ಕು ವರ್ಷ ಕೂತಿದ್ದ ಬೆಂಚು.