ನಿಂಗವ್ವನ ಆಕಳು

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಚಿದಂಬರನೆಂಬ ಶಿಷ್ಯನಿದ್ದ. ತಿಳಿದು ಮಾಡಿದ ಪಾಪಕ್ಕೆ ಕಠಿಣ ಪ್ರಾಯಶ್ಚಿತ್ತ, ತಿಳಿಯದೆ ಮಾಡಿದ್ದಕ್ಕೆ ಹೊಳೆಯಲ್ಲಿ ಒಂದು ಮುಳುಗು ಎಂದು ಅವನು ಗ್ರಂಥದಲ್ಲಿ ಓದಿದ್ದ. ಅಲ್ಲಿಂದ ಮುಂದೆ ಓದುವ ಅಗತ್ಯ ಅವನಿಗೆ ಕಾಣಲಿಲ್ಲ.

ದಾನ ಕೊಟ್ಟವರನ್ನು ಏನೂ ಕೇಳಬಾರದೆಂಬುದು ಆಶ್ರಮದ ಕಟ್ಟಳೆ. ಬಡವ ತಂದ ಹಿಡಿ ಜೋಳಕ್ಕೂ ಸಾಹುಕಾರನ ಮೂಟೆಗೂ ಒಂದೇ ಮರ್ಯಾದೆ ಸಿಗಲೆಂದು ಗುರುಗಳು ಮಾಡಿದ್ದು. ದಾನ ಸ್ವೀಕರಿಸುವವನು ಚಿದಂಬರ.

ಒಂದು ಸಂಜೆ ಊರ ದೇಸಾಯಿಯ ಆಳು ಒಂದು ಆಕಳನ್ನು ತಂದು ಕಟ್ಟಿ, ತಿರುಗಿ ನೋಡದೆ ಹೋದ. ಕೆಚ್ಚಲು ತುಂಬಿತ್ತು. ಕರು ಇರಲಿಲ್ಲ.

ಚಿದಂಬರ ಕೇಳಲಿಲ್ಲ. ಬೆಳಿಗ್ಗೆ ಹಾಲು ಕರೆದ. ಗುರುಗಳಿಗೆ ಒಂದು ಲೋಟ ಕೊಟ್ಟು ತಾನೂ ಒಂದು ಕುಡಿದ.

ಹೊತ್ತು ಸ್ವಲ್ಪ ಏರಿದ ಮೇಲೆ ನಿಂಗವ್ವ ಎಂಬ ಮುದುಕಿ ಬಾಗಿಲಿಗೆ ಬಂದಳು. ಅವಳನ್ನು ಕಂಡು ಆಕಳು ಹಗ್ಗ ಜಗ್ಗಿ ಕೂಗಿತು.

"ಯಪ್ಪಾ, ನನ್ನ ಮಾತು ಒಂದೀಟು ಕೇಳ್ರಿ."

ಚಿದಂಬರ ಎರಡೂ ಕಿವಿ ಮುಚ್ಚಿಕೊಂಡ. "ಬೇಡ ತಾಯಿ! ನೀನು ಹೇಳಿದರೆ ನನಗೆ ಗೊತ್ತಾಗಿಬಿಡುತ್ತದೆ."

ನಿಂಗವ್ವ ಬೆರಗಾಗಿ ನಿಂತಳು. ಆಮೇಲೆ ಸಿಟ್ಟಿನಿಂದ ಕೂಗಿ ಹೇಳಿದಳು. "ನಾ ಹೊಲಕ್ಕ ಹೋದಾಗ ದೇಸಾಯಿ ಮಂದಿ ಆಕಳಾ ಬಿಚ್ಚಿಕೊಂಡು ಬಂದಾರ. ಮನ್ಯಾಗ ಕರು ಒದರಾಕತ್ತೈತಿ. ತಾಯಿ ಸತ್ತ ಮೊಮ್ಮಗ ಇದರ ಹಾಲಿನ ಮ್ಯಾಗ ಬದುಕೈತಿ. ನೀವು ಕಿವಿ ಮುಚ್ಚಿಕೊಂಡ್ರ ಕೂಸಿನ ಹೊಟ್ಟಿ ತುಂಬತೈತೇನು?"

ಚಿದಂಬರ ಕಣ್ಣನ್ನೂ ಮುಚ್ಚಿಕೊಂಡ. ನಿಂಗವ್ವ ಅಲ್ಲೇ ಬೇಲಿಯ ಪಕ್ಕ ಕುಕ್ಕರಿಸಿದಳು.

ಹೊಳೆಯ ಮೆಟ್ಟಿಲ ಮೇಲಿದ್ದ ಗುರುಗಳಿಗೆ ಎಲ್ಲವೂ ಕೇಳಿಸಿತು. ಅವರು ಒಲೆ ಹಚ್ಚಿದರು. ಚಿದಂಬರನನ್ನು ಕರೆದು ಎಲೆ ಹಾಕಿ, ತಾವೇ ಬಡಿಸಿದರು.

"ಇದೇನು ಪಲ್ಯ, ಗುರುಗಳೇ?"

"ಕಾಡುಗೆಡ್ಡೆ."

"ಯಾವ ಗೆಡ್ಡೆ?"

"ಗೊತ್ತಿಲ್ಲ. ತಂದುಕೊಟ್ಟವನು ಏನೋ ಹೇಳಲು ಬಂದ. ನಾನು ಕಿವಿ ಮುಚ್ಚಿಕೊಂಡೆ."

ಚಿದಂಬರನ ಕೈ ಬಾಯಿಯ ಹತ್ತಿರವೇ ನಿಂತಿತು.

"ವಿಷದ ಗೆಡ್ಡೆಯಾಗಿದ್ದರೆ?"

"ನಮಗೆ ತಿಳಿಯದಲ್ಲ. ಉಂಡು, ಹೊಳೆಯಲ್ಲಿ ಒಂದು ಮುಳುಗು ಹಾಕು."

"ಮುಳುಗು ಹಾಕಿದರೆ ವಿಷ ಇಳಿಯುತ್ತದೆಯೇ!"

"ಮುಳುಗು ಹಾಕಿದರೆ ಆ ಕೂಸಿಗೆ ಹಾಲು ಬರುತ್ತದೆಯೇ?"

ಚಿದಂಬರ ತುತ್ತನ್ನು ಎಲೆಗೆ ಹಾಕಿ ಮುಖ ದಪ್ಪಗೆ ಮಾಡಿಕೊಂಡ.

"ಬೆಳಿಗ್ಗೆ ಆ ಹಾಲನ್ನು ನೀವೂ ಕುಡಿದಿರಿ."

"ಕುಡಿದೆ. ನಾನು ತಿಳಿಯದೆ ಕುಡಿದೆ. ನೀನು ತಿಳಿಯದ ಹಾಗೆ ನೋಡಿಕೊಂಡು ಕುಡಿದೆ."

"ಏನೂ ಕೇಳಬಾರದೆಂಬ ಕಟ್ಟಳೆ ನಿಮ್ಮದೇ."

"ನನ್ನದೇ. ನಿನ್ನಂಥವನ ಕೈಗೆ ಸಿಕ್ಕಿತು. ಇವತ್ತಿಗೆ ಮುಗಿಯಿತು."

ಗುರುಗಳು ಎದ್ದುಹೋಗಿ ಆಕಳನ್ನು ಬಿಚ್ಚಿದರು. ಹಗ್ಗವನ್ನು ಚಿದಂಬರನ ಕೈಗೆ ಕೊಟ್ಟರು.

"ಅವಳ ಮನೆಯವರೆಗೂ ಹೊಡೆದುಕೊಂಡು ಹೋಗು. ಊರ ನಡುವಿನ ದಾರಿಯಲ್ಲೇ ಹೋಗು."

"ದೇಸಾಯರಿಗೆ ಗೊತ್ತಾದರೆ?"

"ಒಬ್ಬರಿಗಾದರೂ ಏನಾದರೂ ಗೊತ್ತಾಗಲಿ."

ನಿಂಗವ್ವ ಆಗಲೇ ಆಕಳ ಕೊರಳು ತಬ್ಬಿಕೊಂಡಿದ್ದಳು. ಚಿದಂಬರನನ್ನು ನೋಡಿ, "ನಡೀರಿ ಸ್ವಾಮಿ, ಕಿವಿ ಬಿಟ್ಟು ಹಗ್ಗಾ ಹಿಡೀರಿ," ಎಂದಳು.

ಬೇಲಿ ದಾಟುವಾಗ ಚಿದಂಬರ ನಿಂತು ತಿರುಗಿದ. ಒಂದು ಸಂದೇಹ ಅವನಲ್ಲಿ ಇನ್ನೂ ಉಳಿದಿತ್ತು.

"ಆದರೂ ಗುರುಗಳೇ, ಈಕೆ ವಿಷಯ ಹೇಳುವ ಮೊದಲೇ ನಾನು ಕಿವಿ ಮುಚ್ಚಿದ್ದೆ. ಶಾಸ್ತ್ರದ ಪ್ರಕಾರ ಇದು ತಿಳಿಯದೆ ಮಾಡಿದ ಪಾಪವೇ ಅಲ್ಲವೇ?"

ಗುರುಗಳು ಅವನನ್ನೇ ನೋಡಿದರು.

"ಅವಳು ಏನು ಹೇಳುತ್ತಾಳೆಂದು ನಿನಗೆ ಅಷ್ಟು ಮೊದಲೇ ಯಾರು ಹೇಳಿದರು?"