ಗರಡಿ ಮನೆಯ ಕುರ್ಚಿ

"ಮೇಷ್ಟ್ರೇ, ಗೊತ್ತಿಲ್ಲದವರಿಗೆ ಕಲಿಸಬಹುದು. ಎಲ್ಲ ಗೊತ್ತಿದ್ದೂ ಮಾಡದವರಿಗೆ ಏನು ಕಲಿಸೋದು?"

ಹೀಗೆ ಕೇಳಿದವಳು ದಾಕ್ಷಾಯಿಣಿ. ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಆರೋಗ್ಯದ ಪಾಠ ಮಾಡುವ ಶಿಕ್ಷಕಿ. ಕೇಳಿದ್ದು ಬಿಳಿಗಿರಯ್ಯ ಮೇಷ್ಟ್ರನ್ನು. ಒಂದು ಕಾಲದಲ್ಲಿ ಅವಳ ಕೈ ಹಿಡಿದು ಅಕ್ಷರ ತಿದ್ದಿಸಿದವರು ಅವರೇ. ಭಾನುವಾರದ ಮೊದಲ ಬಸ್ಸು ಹಿಡಿದು ಬಂದವಳು, ಕಾಲಿನ ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಕೇಳಿಬಿಟ್ಟಿದ್ದಳು.

ಮೇಷ್ಟ್ರು ಅವಳನ್ನು ಜಗಲಿಯ ಮೇಲೆ ಕೂರಿಸಿದರು. ಒಳಗೆ ಹೋಗಿ ಒಂದು ತಟ್ಟೆ ತಂದು ಮುಂದಿಟ್ಟರು. ಎರಡು ಅಕ್ಕಿ ರೊಟ್ಟಿ, ಪಕ್ಕದಲ್ಲಿ ಹುಚ್ಚೆಳ್ಳು ಚಟ್ನಿ.

"ಬಿಸಿ ಇದೆ, ತಿನ್ನು."

"ಆಮೇಲೆ ತಿಂತೀನಿ ಮೇಷ್ಟ್ರೇ. ಮೊದಲು ಇದಕ್ಕೊಂದು ದಾರಿ ಹೇಳಿ."

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ತನ್ನ ಕಷ್ಟ ಹೇಳಿಕೊಂಡಳು. ಪ್ರತಿ ಶನಿವಾರ ಪಾಠ ಮಾಡುತ್ತಾಳೆ. ಕೈ ತೊಳೆಯಿರಿ, ತಿಂಡಿ ಬಿಡಬೇಡಿ, ಹೊತ್ತಿಗೆ ಸರಿಯಾಗಿ ಮಲಗಿ, ಗುಟ್ಕಾ ಮುಟ್ಟಬೇಡಿ. ಮಕ್ಕಳು ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಒಂದಕ್ಷರ ಬಿಡದೆ ಬರೆಯುತ್ತಾರೆ. ಬೆಳಗಿನ ತಿಂಡಿ ಏಕೆ ಬೇಕು ಎಂಬ ಪ್ರಶ್ನೆಗೆ ಹತ್ತನೇ ತರಗತಿಯ ಒಬ್ಬ ಹುಡುಗಿ ಒಂದೂವರೆ ಪುಟ ಬರೆದಿದ್ದಳು. ಅಷ್ಟು ಚೆಂದದ ಉತ್ತರವನ್ನು ದಾಕ್ಷಾಯಿಣಿ ತಾನೂ ಬರೆಯಲಾರಳು. ಮೊನ್ನೆ ಸೋಮವಾರ ಪ್ರಾರ್ಥನೆಯ ಸಾಲಿನಲ್ಲಿ ತಲೆ ಸುತ್ತಿ ಬಿದ್ದವಳೂ ಅದೇ ಹುಡುಗಿ.

"ಬೆಳಗ್ಗೆ ಏನು ತಿಂದ್ಯೇ ಅಂತ ಕೇಳಿದೆ. ಏನೂ ಇಲ್ಲ ಮಿಸ್ ಅಂದ್ಲು. ನಗ್ತಾ ಹೇಳಿದ್ಲು ಮೇಷ್ಟ್ರೇ. ನನಗೆ ಅಳು ಬಂತು. ಇನ್ನು ಹೇಗೆ ಹೇಳಲಿ? ಗೋಡೆ ತುಂಬಾ ಬರೆಸಲಾ? ದಿನಾ ಪ್ರಾರ್ಥನೆಯಲ್ಲಿ ಎಲ್ಲರ ಬಾಯಲ್ಲೂ ಹೇಳಿಸಲಾ?"

ಮೇಷ್ಟ್ರಿಗೆ ನಗು ಬಂತು. ಶಿಷ್ಯೆಯ ಕಣ್ಣಲ್ಲಿ ನೀರಿದ್ದುದರಿಂದ ಅದನ್ನು ನುಂಗಿಕೊಂಡರು.

"ಬಾಯಲ್ಲಿ ಹೇಳಿಸಿದವನೊಬ್ಬನ ಕತೆ ಇದೆ, ಕೇಳು," ಎಂದರು.

ಒಂದು ಊರಿನಲ್ಲಿ ಒಂದು ಗರಡಿ ಮನೆ ಇತ್ತು. ಅದಕ್ಕೊಬ್ಬ ಉಸ್ತಾದ. ಪ್ರಾಯದಲ್ಲಿ ಅವನನ್ನು ಚಿತ್ ಮಾಡಿದ ಪೈಲ್ವಾನನಿಲ್ಲ. ಅವನ ಬೆನ್ನಿಗೆ ಮಣ್ಣು ಸೋಂಕಿದ್ದನ್ನು ಸುತ್ತ ಏಳು ಊರಿನಲ್ಲಿ ಯಾರೂ ನೋಡಿರಲಿಲ್ಲ. ಅದಕ್ಕಾಗಿ ಊರವರು ಅವನಿಗೆ ಶಾಲು ಹೊದಿಸಿ, ಕೈಯಿರುವ ಒಂದು ಬೆತ್ತದ ಕುರ್ಚಿ ಕೊಟ್ಟಿದ್ದರು. ಉಸ್ತಾದ ಅದನ್ನು ಕುಸ್ತಿಯ ಕಣದ ಪಕ್ಕದಲ್ಲಿ ಹಾಕಿಸಿ ಅದರಲ್ಲಿ ಕೂತ. ಕೂತವನು ಆರು ವರ್ಷ ಏಳಲಿಲ್ಲ.

ಅವನ ಕೈಕೆಳಗೆ ಹದಿನೆಂಟು ಹುಡುಗರಿದ್ದರು. ಹದಿಮೂರರಿಂದ ಹದಿನಾರರ ವಯಸ್ಸು. ಆ ವಯಸ್ಸಿನವರ ವಿಚಾರ ನಿನಗೆ ನಾನು ಹೇಳಬೇಕಾಗಿಲ್ಲ. ಉಸ್ತಾದ ಅವರಿಗಾಗಿ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಹನ್ನೆರಡು ನಿಯಮ ಬರೆಸಿದ. ಸೂರ್ಯನಿಗಿಂತ ಮೊದಲು ಏಳು. ಹಲ್ಲು ತಿಕ್ಕು. ಸಾಮು ಮುಗಿದ ಮೇಲೆ ಹಸಿದಿರಬೇಡ. ಅಂಗಡಿಯ ಕರಿದ ತಿಂಡಿ ಬಿಡು. ಹೊಗೆಸೊಪ್ಪು ಮುಟ್ಟಬೇಡ. ಇನ್ನೊಬ್ಬನ ಲಂಗೋಟಿ ಉಡಬೇಡ. ಹೀಗೆ. ಎಲ್ಲವೂ ಒಳ್ಳೆಯ ನಿಯಮಗಳೇ. ಅದರಲ್ಲಿ ಒಂದನ್ನೂ ತಪ್ಪು ಎನ್ನುವ ಹಾಗಿಲ್ಲ.

ಆ ಗರಡಿಯಲ್ಲಿ ಒಂದು ಪದ್ಧತಿ ಬೆಳೆಯಿತು. ಕಣದ ಮಣ್ಣಿಗೆ ಇಳಿಯುವ ಮೊದಲು ಪ್ರತಿಯೊಬ್ಬನೂ ಹನುಮಂತನ ಪಟದ ಮುಂದೆ ನಿಂತು ಹನ್ನೆರಡು ನಿಯಮಗಳನ್ನೂ ಗಟ್ಟಿಯಾಗಿ ಹೇಳಬೇಕು. ತಪ್ಪಿದರೆ ನೂರು ಬಸ್ಕಿ. ಉಸ್ತಾದ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಬೆರಳು ಮಡಿಸಿ ಎಣಿಸುತ್ತಿದ್ದ.

ಹುಡುಗರು ಜಾಣರು. ಹತ್ತೇ ದಿನದಲ್ಲಿ ನಿಯಮಗಳು ಬಾಯಿಪಾಠವಾದವು. ಒಂದು ತಿಂಗಳಲ್ಲಿ ಒಂದೇ ಉಸಿರಿಗೆ ಹೇಳತೊಡಗಿದರು. ಆಮೇಲೆ ಅವರಲ್ಲೇ ಪಂದ್ಯ ಶುರುವಾಯಿತು. ಒಬ್ಬ ನಿಂಬೆಹಣ್ಣನ್ನು ಮೇಲಕ್ಕೆ ಎಸೆದು ಹಿಡಿಯುವನು. ಹಣ್ಣು ಮೂರು ಸಲ ಕೈಗೆ ಬರುವುದರೊಳಗೆ ಹನ್ನೆರಡೂ ಮುಗಿಯಬೇಕು. ಎಲ್ಲರಿಗಿಂತ ಚಿಕ್ಕವನೊಬ್ಬನಿದ್ದ. ಅವನು ಎರಡನೇ ಸಲಕ್ಕೇ ಮುಗಿಸುತ್ತಿದ್ದ. ಅವನ ದವಡೆಯಲ್ಲಿ ಬೋಂಡ ಇದ್ದಾಗಲೂ, ಕರಿದ ತಿಂಡಿ ಬಿಡು ಎಂಬ ನಿಯಮದಲ್ಲಿ ಒಂದಕ್ಷರ ಎಡವುತ್ತಿರಲಿಲ್ಲ.

ಆದರೆ ಕುಸ್ತಿಯ ಕಣದಲ್ಲಿ ಬಾಯಿಪಾಠ ಒಪ್ಪಿಸುವ ಹಾಗಿಲ್ಲವಲ್ಲ. ದಸರೆಯ ಕುಸ್ತಿಯಲ್ಲಿ ಪಕ್ಕದೂರಿನ ಗರಡಿಯ ಹುಡುಗರು ಮೂರು ವರ್ಷ ಇವರನ್ನು ಎತ್ತಿ ಎತ್ತಿ ಒಗೆದರು. ನಮ್ಮವರು ಅರೆನಿದ್ದೆಯಲ್ಲಿ ಹೋಗಿ, ಎರಡು ಪಟ್ಟು ಹಾಕುವುದರೊಳಗೆ ಏದುಸಿರು ಬಿಟ್ಟು, ಮಣ್ಣು ಕೊಡವಿಕೊಂಡು ಬರುತ್ತಿದ್ದರು.

ಮೂರನೆಯ ವರ್ಷ ಊರ ಯಜಮಾನ ಗರಡಿಯ ಬಾಗಿಲಿಗೇ ಬಂದ.

"ಮುಂದಿನ ದಸರೇಲೂ ಹಿಂಗೇ ಸೋತ್ರೆ ಬೀಗ ಹಾಕ್ತೀನಿ ಉಸ್ತಾದ್ರೇ. ಇಲ್ಲಿ ರೇಷ್ಮೆ ಹುಳ ಸಾಕ್ತೀನಿ. ಅವು ಹೊತ್ತಿಗೆ ಸರಿಯಾಗಿ ಸೊಪ್ಪಾದ್ರೂ ತಿಂತವೆ!"

ಉಸ್ತಾದನಿಗೆ ಎದೆ ಒಡೆದ ಹಾಗಾಯಿತು. ಅವನ ಗುರುವಿನ ಗುರು ಕಟ್ಟಿಸಿದ ಗರಡಿ ಅದು. ಆ ಮಣ್ಣು ಬಿಟ್ಟರೆ ಅವನಿಗೆ ಬೇರೆ ಬದುಕಿಲ್ಲ. ಎರಡು ದಿನ ಯೋಚನೆ ಮಾಡಿದ. ಮೂರನೆಯ ದಿನ ಗೋಡೆಯ ಮೇಲೆ ಇನ್ನೂ ಹನ್ನೆರಡು ನಿಯಮ ಬರೆಸಿದ.

ನಗಬೇಡ ದಾಕ್ಷಾಯಿಣಿ. ಒಳ್ಳೆಯ ಮನಸ್ಸಿನವರೆಲ್ಲ ಮೊದಲು ಮಾಡುವುದೇ ಅದನ್ನು.

ಹುಡುಗರು ಇಪ್ಪತ್ತನಾಲ್ಕನ್ನೂ ಕಲಿತರು. ನಿಂಬೆಹಣ್ಣು ಇನ್ನಷ್ಟು ಎತ್ತರಕ್ಕೆ ಹೋಯಿತು. ಬೇರೆ ಏನೂ ಬದಲಾಗಲಿಲ್ಲ.

ಒಂದು ಬೆಳಿಗ್ಗೆ ಉಸ್ತಾದನಿಗೆ ತಡೆಯಲಾಗಲಿಲ್ಲ. ನಿಯಮ ಹೇಳಿ ಮುಗಿಸಿದ ಆ ಚಿಕ್ಕ ಹುಡುಗನನ್ನು ಕುರ್ಚಿಯ ಹತ್ತಿರ ಕರೆದ.

"ಲೋ, ಇಷ್ಟು ಚೆನ್ನಾಗಿ ಹೇಳ್ತೀಯಲ್ಲ, ಇದರಲ್ಲಿ ಒಂದನ್ನಾದ್ರೂ ಯಾಕೋ ಮಾಡಲ್ಲ?"

ಹುಡುಗ ತಲೆ ಕೆರೆದುಕೊಂಡ. ಅವನಲ್ಲಿ ತುಂಟತನ ಬೇಕಾದಷ್ಟಿತ್ತು, ಸುಳ್ಳು ಇರಲಿಲ್ಲ.

"ಇನ್ನೊಂದು ನಾಕೈದು ವರ್ಷ ಅಲ್ವಾ ಉಸ್ತಾದ್ರೇ? ಹೆಂಗೋ ಹೇಳ್ಕೊಂಡು ಕಳೆದುಬಿಟ್ರೆ ಆಯ್ತು. ಆಮೇಲೆ ನಾವೂ ದೊಡ್ಡೋರಾಗ್ತೀವಿ, ನಮಗೂ ಕುರ್ಚಿ ಸಿಗುತ್ತೆ. ಕುರ್ಚಿ ಸಿಕ್ಕಿದ ಮೇಲೆ ಇದ್ಯಾವುದೂ ಮಾಡಬೇಕಾಗಿಲ್ವಲ್ಲ!"

ಇಷ್ಟು ಹೇಳಿ, ಉಸ್ತಾದನಿಗೆಂದು ತಂದಿದ್ದ ಟೀ ಲೋಟ ಮತ್ತು ಬೋಂಡದ ಪೊಟ್ಟಣವನ್ನು ಕುರ್ಚಿಯ ಕೈಮೇಲೆ ಇಟ್ಟು ಹೋದ. ದಿನವೂ ಅದನ್ನು ತಂದುಕೊಡುತ್ತಿದ್ದವರು ಆ ಹುಡುಗರೇ.

ಏಳು ಊರಿನ ಪೈಲ್ವಾನರು ಮಾಡಲಾಗದ್ದನ್ನು ಆ ಪುಟ್ಟ ಹುಡುಗ ಮಾಡಿದ್ದ. ಉಸ್ತಾದ ಕೂತಲ್ಲೇ ಚಿತ್ತಾದ. ಬಹಳ ಹೊತ್ತು ತನ್ನ ಹೊಟ್ಟೆಯನ್ನು ನೋಡಿಕೊಂಡ. ಆಚೆಗಿರುವ ಪಾದಗಳು ಕಾಣಲಿಲ್ಲ. ಅವನಿಗೆ ನಾಚಿಕೆಯಾಯಿತು. ಆಮೇಲೆ, ಏನು ಆಶ್ಚರ್ಯವೋ, ಜೋರು ನಗು ಬಂತು.

ಮರುದಿನ ಹುಡುಗರು ಬಂದರು. ಗೋಡೆಗೆ ಸುಣ್ಣ ಬಳಿದಿತ್ತು. ಒಂದು ನಿಯಮವೂ ಇರಲಿಲ್ಲ. ಕುರ್ಚಿ ಇರಲಿಲ್ಲ. ಕಣದ ನಡುವೆ ಉಸ್ತಾದ ಗುದ್ದಲಿ ಹಿಡಿದು ಕೆಮ್ಮಣ್ಣನ್ನು ಮಗುಚುತ್ತಿದ್ದ. ಹಳೆಯ ಲಂಗೋಟಿ ಸೊಂಟಕ್ಕೆ ಸಾಲದೆ, ಅದಕ್ಕೆ ಪಂಚೆಯ ಒಂದು ತುಂಡು ಜೋಡಿಸಿ ಉಟ್ಟಿದ್ದ. ಮಣ್ಣಿಗೆ ಮಜ್ಜಿಗೆ ಹೊಯ್ದ, ಎಣ್ಣೆ ಹೊಯ್ದ, ಅರಿಶಿನ ಎರಚಿದ. ಯಾರಿಗೂ ಏನೂ ಹೇಳಲಿಲ್ಲ. ದಂಡ ಹೊಡೆಯಲು ಶುರುಮಾಡಿದ.

ಹತ್ತು ಹೊಡೆದ. ಹನ್ನೊಂದನೆಯದಕ್ಕೆ ಕೆಳಗೆ ಹೋದವನು ಮೇಲೆ ಬರಲಿಲ್ಲ. ಹೊಟ್ಟೆ ನೆಲಕ್ಕೂರಿತು, ಕೈಕಾಲು ಎರಡು ಕಡೆಗೂ ಆಡಿದವು. ಹುಡುಗರು ತುಟಿ ಕಚ್ಚಿಕೊಂಡು ನಿಂತರು. ಮೊದಲು ನಕ್ಕವನು ಉಸ್ತಾದನೇ. ಆಮೇಲೆ ಗರಡಿಯ ಹೆಂಚು ಹಾರುವ ಹಾಗೆ ಹದಿನೆಂಟು ಜನರೂ ನಕ್ಕರು. ಎಬ್ಬಿಸಲು ಇಬ್ಬರು ಓಡಿಬಂದರು. ಅವನು ಆ ಇಬ್ಬರನ್ನೂ ಮಣ್ಣಿಗೆ ಎಳೆದುಕೊಂಡ. ಉಳಿದವರು ತಾವಾಗಿಯೇ ಬಂದು ಮೇಲೆ ಬಿದ್ದರು. ಆ ದಿನ ಯಾರೂ ಯಾವ ನಿಯಮವನ್ನೂ ಹೇಳಲಿಲ್ಲ. ಹೇಳುವುದಿದೆ ಎಂಬುದೇ ಯಾರಿಗೂ ನೆನಪಾಗಲಿಲ್ಲ.

ಸಾಮು ಮುಗಿದ ಮೇಲೆ ಉಸ್ತಾದ ಬಾವಿಕಟ್ಟೆಗೆ ಹೋಗಿ ಬಿಂದಿಗೆಗಟ್ಟಲೆ ತಣ್ಣೀರು ಸುರಿದುಕೊಂಡ. ಸುರಿದುಕೊಳ್ಳುತ್ತಾ ಹಾ ಹಾ ಎಂದು ಕೂಗಿದ. ಆಮೇಲೆ ಒಂದು ಬುತ್ತಿ ಬಿಚ್ಚಿದ. ಮೊಳಕೆ ಹುರುಳಿಯ ಉಸ್ಲಿ, ಮೇಲೆ ತೆಂಗಿನ ತುರಿ, ಒಂದು ಅಚ್ಚು ಬೆಲ್ಲ. ಕಣ್ಣು ಮುಚ್ಚಿಕೊಂಡು, ಲೊಟಲೊಟ ಸದ್ದು ಮಾಡುತ್ತಾ ತಿಂದ.

"ನಮಗೆ?" ಎಂದರು ಹುಡುಗರು.

"ಇದು ನಂದು. ನಿಮಗೆ ಬೇಕಾದ್ರೆ ನಿಮ್ಮ ನಿಮ್ಮ ಮನೆಯಿಂದ ತನ್ನಿ, ಹೋಗ್ರೋ!"

ಮರುದಿನ ಮೂರು ಬುತ್ತಿ ಬಂದವು. ವಾರದೊಳಗೆ ಹದಿನೆಂಟು. ಒಬ್ಬನ ತಾಯಿ ಮಾಡುವ ಅವರೆಕಾಳಿಗೆ ದಿನಾ ಜಗಳ. ಇನ್ನೊಬ್ಬನ ಅಜ್ಜಿ, ಮೊಮ್ಮಗ ನನ್ನ ನುಗ್ಗೆಸೊಪ್ಪಿನ ಪಲ್ಯ ಕೇಳುತ್ತಿದ್ದಾನೆಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ಬೋಂಡದ ಅಂಗಡಿಯವನು ಗಿರಾಕಿಗಳನ್ನು ಕಾದು ಕಾದು, ಕೊನೆಗೆ ಕಡಲೆಕಾಯಿ ಬೇಯಿಸಿ ಗರಡಿಯ ಬಾಗಿಲಿಗೇ ತಂದ.

ಹುಡುಗರು ತಾವೇ ಒಂದು ಕಟ್ಟಳೆಯನ್ನೂ ಮಾಡಿಕೊಂಡರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನು, ಉಸ್ತಾದ ದಂಡ ಹೊಡೆಯುವಾಗ ಅವನ ಬೆನ್ನ ಮೇಲೆ ಕೂರಬಹುದು. ಆ ಸವಾರಿಗಾಗಿ ಸೂರ್ಯನಿಗಿಂತ ಮೊದಲು ಏಳಬೇಕಾಯಿತು. ಸೂರ್ಯನಿಗಿಂತ ಮೊದಲು ಏಳಲು ಊಟ ಮುಗಿದ ಕೂಡಲೇ ಮಲಗಬೇಕಾಯಿತು. ಮಲಗಿ ಎಂದು ಅವರಿಗೆ ಯಾರೂ ಹೇಳಲಿಲ್ಲ.

ದಸರೆ ಬಂತು. ಹದಿನೆಂಟು ಜೋಡಿ ಕುಸ್ತಿ ನಡೆದವು.

ದಾಕ್ಷಾಯಿಣಿ ಮುಂದಕ್ಕೆ ಬಾಗಿ ಕೂತಿದ್ದಳು. "ಗೆದ್ದರಾ ಮೇಷ್ಟ್ರೇ?"

"ಒಂಬತ್ತು ಗೆದ್ದರು. ಒಂಬತ್ತು ಸೋತರು," ಎಂದು ಮೇಷ್ಟ್ರು ಕತೆ ಮುಂದುವರಿಸಿದರು.

ಯಜಮಾನನಿಗೆ ಇಕ್ಕಟ್ಟಾಯಿತು. ಸೋತರೆ ಬೀಗ ಎಂದಿದ್ದ. ಇದು ಸೋಲೂ ಅಲ್ಲ, ಗೆಲುವೂ ಅಲ್ಲ. ಆದರೂ ಆಡಿದ ಮಾತಲ್ಲವೇ. ಮರುದಿನ ಬೆಳಕು ಹರಿಯುವ ಹೊತ್ತಿಗೆ ದೊಡ್ಡದೊಂದು ಬೀಗ ಹಿಡಿದು ಗರಡಿಗೆ ಬಂದ. ಹಬ್ಬ ಮುಗಿದಿದೆ, ಇನ್ನೊಂದು ವರ್ಷ ಕುಸ್ತಿಯಿಲ್ಲ, ಈ ಹೊತ್ತಿಗೆ ಒಳಗೆ ಯಾರಿರುತ್ತಾರೆ ಎಂದುಕೊಂಡಿದ್ದ.

ಒಳಗೆ ಹದಿನೆಂಟು ಹುಡುಗರೂ ಇದ್ದರು. ಉಸ್ತಾದ ದಂಡ ಹೊಡೆಯುತ್ತಿದ್ದ. ಆ ಚಿಕ್ಕ ಹುಡುಗ ಅವನ ಬೆನ್ನ ಮೇಲೆ ರಾಜನ ಹಾಗೆ ಕೂತು ಎಣಿಸುತ್ತಿದ್ದ. ಎಣಿಕೆ ಮೂವತ್ತು ದಾಟಿತ್ತು.

ಯಜಮಾನ ಬಾಗಿಲಲ್ಲೇ ನಿಂತ. ಹಸಿ ಮಣ್ಣಿನ, ಎಣ್ಣೆಯ, ಅರಿಶಿನದ ವಾಸನೆ ಬಂತು. ಹುಡುಗನಾಗಿದ್ದಾಗ ಅವನೂ ಇದೇ ಮಣ್ಣಿನಲ್ಲಿ ಉರುಳಿದವನು. ಅಷ್ಟರಲ್ಲಿ ಬಾವಿಕಟ್ಟೆಯ ಮೇಲಿಟ್ಟಿದ್ದ ಬುತ್ತಿಗಳಿಂದ ಒಗ್ಗರಣೆಯ ಘಮವೂ ಬಂತು.

"ನಂಗೂ ಒಂದಿಷ್ಟು ಉಸ್ಲಿ ಹಾಕ್ರೋ," ಎಂದ.

ಬೆನ್ನ ಮೇಲಿನ ಹುಡುಗ ಅಲ್ಲಿಂದಲೇ ಹೇಳಿದ: "ಮಣ್ಣಿಗೆ ಇಳಿದೋರಿಗೆ ಮಾತ್ರ, ಯಜಮಾನ್ರೇ."

ಯಜಮಾನ ಬೀಗವನ್ನು ಕಿಟಕಿಯಲ್ಲಿಟ್ಟು ಅಂಗಿ ಬಿಚ್ಚಿದ.

ಆ ಬೀಗ ಈಗಲೂ ಆ ಕಿಟಕಿಯಲ್ಲೇ ತುಕ್ಕು ಹಿಡಿದು ಬಿದ್ದಿದೆಯಂತೆ. ರೇಷ್ಮೆ ಹುಳಗಳು ಬೇರೆ ಮನೆ ನೋಡಿಕೊಂಡವು.

ಮೇಷ್ಟ್ರು ಕತೆ ನಿಲ್ಲಿಸಿದರು. ದಾಕ್ಷಾಯಿಣಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಈಗ ಅದು ನಕ್ಕು ಬಂದ ನೀರು. ಸ್ವಲ್ಪ ಹೊತ್ತಿಗೆ ಅವಳ ಮುಖದಲ್ಲಿ ಮತ್ತೆ ಸಂಶಯ ಕಂಡಿತು.

"ಹಾಗಾದರೆ ನಿಯಮ ಹೇಳಿಕೊಡಲೇಬಾರದಾ ಮೇಷ್ಟ್ರೇ?"

"ಮರುವರ್ಷ ಆ ಹುಡುಗರೇ ಗೋಡೆಯ ಮೇಲೆ ನಿಯಮ ಬರೆದರು. ಹಳೆಯ ಹನ್ನೆರಡೂ ಇದ್ದವು."

ದಾಕ್ಷಾಯಿಣಿ ಯೋಚಿಸಿದಳು. ಆಮೇಲೆ ಅಡ್ಡಡ್ಡ ತಲೆಯಾಡಿಸಿದಳು.

"ಆದರೆ ನಾನು ಉಸ್ತಾದನ ಹಾಗಲ್ಲವಲ್ಲ. ಏಳೂವರೆ ಬಸ್ಸಿಗೆ ಓಡ್ತೀನಿ. ಶಾಲೆಗೆ ಹೋದ ಕೂಡಲೇ ಹಾಜರಿ, ಪ್ರಾರ್ಥನೆ, ಪಾಠ. ಮಧ್ಯಾಹ್ನದವರೆಗೂ ಒಂದು ಲೋಟ ಕಾಫಿ ಮೇಲೆ ನಿಂತಿರ್ತೀನಿ. ನನಗೆ ಕೂರೋಕೂ ಪುರಸೊತ್ತಿಲ್ಲ ಮೇಷ್ಟ್ರೇ, ಇನ್ನು ಕುರ್ಚಿ ಎಲ್ಲಿಂದ ಬಂತು?"

ಮೇಷ್ಟ್ರು ಆರಿಹೋಗಿದ್ದ ರೊಟ್ಟಿಯ ತಟ್ಟೆಯನ್ನು ಮತ್ತೆ ಅವಳ ಮುಂದಕ್ಕೆ ತಳ್ಳಿದರು.

"ಗಂಟೆ ಹತ್ತಾಯಿತು ದಾಕ್ಷಾಯಿಣಿ, ನೀನು ತಿಂಡಿ ತಿನ್ನುವುದನ್ನು ಆ ಹುಡುಗಿ ಒಂದು ದಿನವಾದರೂ ನೋಡಿದ್ದಾಳೆಯೇ?"

ದಾಕ್ಷಾಯಿಣಿ ಆಗಲೇ ತಟ್ಟೆ ಎಳೆದುಕೊಂಡಿದ್ದಳು. ಅವಳ ಬಾಯಿ ತುಂಬಾ ರೊಟ್ಟಿಯಿತ್ತು.